ಮೂಕಹೊತ್ತಿನ ಸಾಲು

ನಮ್ಮೂರಿನಲ್ಲಿ ಸಂಜೆಗೆ ಮುಂಚೆ ಒಂದು ಹೊತ್ತು ಸದ್ದು ನಿಂತುಹೋಗುತ್ತದೆ. ನೀರಿನ ಟ್ಯಾಂಕಿನ ನೆರಳು ಬಸ್ ಸ್ಟ್ಯಾಂಡಿನ ಮೆಟ್ಟಿಲು ಮುಟ್ಟಿತೆಂದರೆ ಆಯಿತು, ಮಾತಾಡುತ್ತಿದ್ದವರ ಬಾಯಿ ಆಡುತ್ತಿರುತ್ತದೆ, ಮಾತು ಕೇಳುವುದಿಲ್ಲ. ಕೈಯಿಂದ ಜಾರಿದ ತಟ್ಟೆ ನೆಲದ ಮೇಲೆ ಸುಮ್ಮನೆ ಗಿರಗಿರ ತಿರುಗುತ್ತದೆ. ನಾಯಿ ಬೊಗಳಿದರೆ ಅದರ ಹೊಟ್ಟೆ ಕುಣಿಯುವುದಷ್ಟೇ ಕಾಣುತ್ತದೆ. ಬೀದಿದೀಪ ಹತ್ತುವ ಹೊತ್ತಿಗೆ ಎಲ್ಲ ಸದ್ದೂ ಒಟ್ಟಿಗೆ ವಾಪಸು ಬರುತ್ತದೆ. ನಾವು ಇದನ್ನು ಮೂಕಹೊತ್ತು ಅನ್ನುತ್ತೇವೆ. ಪರವೂರಿನವರು ಮೊದಲ ಸಲ ಬಂದಾಗ ಗಾಬರಿಯಾಗಿ ಕಿವಿಗೆ ಬೆರಳು ಹಾಕಿ ಅಲುಗಿಸಿಕೊಳ್ಳುತ್ತಾರೆ. ನಮಗೆ ಅದು ಬಿಸಿಲು ನೆರಳಿನ ಹಾಗೆ, ಬರುತ್ತದೆ, ಹೋಗುತ್ತದೆ.

ಆ ಹೊತ್ತಿಗೆ ತಕ್ಕಂತೆ ಊರು ತನ್ನ ಬಾಳನ್ನು ಹೊಂದಿಸಿಕೊಂಡಿತ್ತು. ಬಾಣಂತಿಯರು ತೊಟ್ಟಿಲಿನ ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು, ಮಗು ಎದ್ದು ಒದ್ದಾಡಿದರೆ ಗೊತ್ತಾಗಲಿ ಎಂದು. ಸೈಕಲ್ಲಿನವರು ಹ್ಯಾಂಡಲ್ಲಿಗೆ ಚಿಕ್ಕ ಕನ್ನಡಿ ಸಿಕ್ಕಿಸಿಕೊಂಡು, ಅಡ್ಡ ಬಂದವರ ಕಣ್ಣಿಗೆ ಬಿಸಿಲು ಹಾಯಿಸಿ ಎಚ್ಚರಿಸುತ್ತಿದ್ದರು. ಮಾತಿಗೆ ಕೈಮಾತು ಇತ್ತು. ಉಪ್ಪು ಬೇಕಾದರೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುವುದು, ನೆಂಟರು ಬಂದರೆ ಎರಡು ಅಂಗೈ ತೆರೆದು ಎದೆಗೆ ತರುವುದು, ಯಾರಾದರೂ ತೀರಿಕೊಂಡರೆ ಕೈ ಮಗುಚಿ ಇಳಿಸುವುದು. ನಮ್ಮ ಮಕ್ಕಳು ಬಾಯಿಮಾತಿಗೆ ಮುಂಚೆ ಕೈಮಾತು ಕಲಿಯುತ್ತಿದ್ದವು.

ಅದಕ್ಕೊಂದು ಕಟ್ಟಳೆಯೂ ಇತ್ತು. ‘ಮೂಕಹೊತ್ತಿನದು ಮೂಕಹೊತ್ತಿಗೇ’ ಎಂದು ಹಿರಿಯರು ಹೇಳುತ್ತಿದ್ದರು. ಆ ಹೊತ್ತಿನಲ್ಲಿ ನಡೆದದ್ದನ್ನು ಸದ್ದು ಬಂದಮೇಲೆ ಬಾಯಿಗೆ ತರಬಾರದು. ವ್ಯಾಪಾರ ಕುದುರಿಸಬಾರದು, ಕೈಯಲ್ಲೇ ಬೈದಾಡಿಕೊಂಡಿದ್ದರೆ ದೀಪ ಹತ್ತಿದ ಮೇಲೆ ಮರೆತುಬಿಡಬೇಕು. ನಮ್ಮಜ್ಜಿಯ ಪ್ರಕಾರ ಊರಿನಲ್ಲಿ ಅರ್ಧ ಸಂಸಾರಗಳು ಉಳಿದದ್ದೇ ಈ ಕಟ್ಟಳೆಯಿಂದ. ಇರಬಹುದು. ಅದು ಯಾರಿಗೆ ಅನುಕೂಲವಾಗಿತ್ತು, ಯಾರಿಗೆ ಇರಲಿಲ್ಲ ಎಂದು ನಾನು ಹತ್ತನೇ ಕ್ಲಾಸಿಗೆ ಬರುವತನಕ ಯೋಚಿಸಿರಲಿಲ್ಲ.

ಇಂದುಮತಿ, ನಮಗೆಲ್ಲ ಇಂದು, ಕ್ಲಾಸಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಅಪ್ಪ ರುದ್ರಪ್ಪನವರದು ಪೇಟೆಯಲ್ಲಿ ಪಾತ್ರೆ ಅಂಗಡಿ. ತಾಯಿ ಇರಲಿಲ್ಲ. ಹುಡುಗಿ ಯಾವಾಗಲೂ ಹಾಡುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಹಾಡುತ್ತ ಹೋಗುವಾಗ ಮೂಕಹೊತ್ತು ಬಂದು ಹಾಡನ್ನು ಅರ್ಧಕ್ಕೆ ಕತ್ತರಿಸುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡು, ನನ್ನ ಜೊತೆ ಕೈಯಲ್ಲೇ ಹರಟೆ ಹೊಡೆದು, ನಮ್ಮನೆಯ ಕಟ್ಟೆಯ ಮೇಲೆ ಕಡಲೆಕಾಯಿ ಸುಲಿದು ತಿಂದು, ಬೀದಿದೀಪ ಹತ್ತಿದ ಕೂಡಲೇ ಬಿಟ್ಟ ಅಕ್ಷರದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದಳು. ನಮ್ಮಮ್ಮ ಒಳಗಿನಿಂದ ನಗುತ್ತ, “ಬಂತು ನೋಡು ರೇಡಿಯೋಗೆ ಕರೆಂಟು,” ಅನ್ನುತ್ತಿದ್ದಳು.

ಎಂಟರಿಂದ ಹತ್ತನೇ ಕ್ಲಾಸಿನವರಿಗೆ ಪಂಚಾಕ್ಷರಿ ಮೇಷ್ಟ್ರು ವಾರಕ್ಕೆರಡು ದಿನ ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಹೆಸರಿತ್ತು. ಬಡವರ ಮಕ್ಕಳಿಗೆ ಪೆನ್ನು ಕೊಡಿಸುವರು, ಮದುವೆ ಮುಂಜಿಗೆ ಕರೆದರೆ ಎಲ್ಲರಿಗಿಂತ ಮೊದಲು ಹೋಗಿ ಬಡಿಸಲು ನಿಲ್ಲುವರು. ಅವರ ಸ್ಪೆಷಲ್ ಕ್ಲಾಸ್ ಮೂಕಹೊತ್ತಿನಲ್ಲೇ ನಡೆಯುತ್ತಿತ್ತು. “ಗಲಾಟೆ ಇಲ್ಲದ ಹೊತ್ತು, ಲೆಕ್ಕಕ್ಕೆ ಹೇಳಿ ಮಾಡಿಸಿದ ಹೊತ್ತು,” ಎಂದು ತಂದೆ ತಾಯಿಯರ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆದೂಗಿದ್ದರು. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದು, ಬೆಂಚುಗಳ ನಡುವೆ ಓಡಾಡುವರು. ಹೆಜ್ಜೆ ಸದ್ದು ಕೇಳದ ಹೊತ್ತು. ಬೆನ್ನ ಹಿಂದೆ ಬಂದು ನಿಂತಿದ್ದಾರೆಂದು ಗೊತ್ತಾಗುತ್ತಿದ್ದದ್ದು ಭುಜದ ಮೇಲೆ ಕೈ ಬಿದ್ದಾಗಲೇ. ಆಮೇಲೆ ಯಾರಾದರೂ ಒಬ್ಬ ಹುಡುಗಿಯನ್ನು ಮುಟ್ಟಿ ಎಬ್ಬಿಸಿ, ಭೂಪಟ ಇಡುವ ಕೋಣೆಯಿಂದ ಕಂಪಾಸು ತರಲು ಕಳಿಸಿ, ತಾವೂ ಹಿಂದೆ ಹೋಗುವರು.

ನಮಗೆ ಮುಂಚೆ ಓದಿದ ಅಕ್ಕಂದಿರು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಒಂದಷ್ಟು ಬುದ್ಧಿ ಹೇಳಿ ಹೋಗಿದ್ದರು. ಬೆಂಚಿನ ತುದಿಗೆ ಕೂರಬೇಡಿ, ಗೋಡೆ ಕಡೆ ಕೂರಿ. ದಾವಣಿಗೆ ಪಿನ್ನು ಜಾಸ್ತಿ ಹಾಕಿಕೊಳ್ಳಿ. ಕೋಣೆಗೆ ಒಬ್ಬರೇ ಹೋಗಬೇಡಿ. ಯಾಕೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಎಷ್ಟೋ ವರ್ಷಗಳಿಂದ ಹುಡುಗಿಯರು ಆ ಬೆಂಚುಗಳ ಮೇಲೆ ಗೋಡೆಗೆ ಒತ್ತಿಕೊಂಡು ಕೂತು ಪಾಸಾಗಿ ಹೋಗಿದ್ದರು.

ಕಾರ್ತೀಕ ಕಳೆದ ಮೇಲೆ ಒಂದು ದಿನ ಇಂದು ಹಾಡುವುದನ್ನು ನಿಲ್ಲಿಸಿದಳು. ಗಂಟಲು ಕಟ್ಟಿದೆ ಅಂದಳು. ವಾರವಾಯಿತು, ಗಂಟಲು ಬಿಡಲಿಲ್ಲ. ಕಡಲೆಕಾಯಿ ಕೊಟ್ಟರೆ ಸುಲಿದು ಸುಲಿದು ನನ್ನ ಮುಂದೆಯೇ ರಾಶಿ ಹಾಕುವಳು, ಒಂದನ್ನೂ ಬಾಯಿಗೆ ಹಾಕಿಕೊಳ್ಳಳು. ಒಂದು ಮಧ್ಯಾಹ್ನ ಅವಳು ಸ್ಪೆಷಲ್ ಕ್ಲಾಸಿಗೆ ಬರುವುದಿಲ್ಲವೆಂದು ಹೊರಟಾಗ ನಾನೂ ಎದ್ದು ಹೋದೆ. ಹಳೇ ವಾಚನಾಲಯದ ಮೆಟ್ಟಿಲ ಮೇಲೆ ಕೂತೆವು. ಸದ್ದು ಇರುವಷ್ಟು ಹೊತ್ತು ನಾನು ಕೇಳಿದ್ದಕ್ಕೆಲ್ಲ “ಏನಿಲ್ಲ ಕಣೇ, ಏನಿಲ್ಲ,” ಅಂದಳು. ಮೂಕಹೊತ್ತು ಬಂದ ಮೇಲೆ ಅವಳ ಕೈಗಳು ಮಡಿಲಿನಿಂದ ಎದ್ದವು.

ಮೊದಲು ಕನ್ನಡಕ ಏರಿಸಿಕೊಳ್ಳುವ ಹಾಗೆ ಮಾಡಿದಳು. ಅದು ನಾವು ಪಂಚಾಕ್ಷರಿ ಮೇಷ್ಟ್ರಿಗೆ ಇಟ್ಟುಕೊಂಡಿದ್ದ ಗುರುತು. ಆಮೇಲೆ ಬಾಗಿಲು ಅಂದಳು. ಬಾಗಿಲು ಹಾಕಿದರು ಅಂದಳು. ಅಲ್ಲಿಗೆ ಕೈಗಳು ನಿಂತವು. ಉಪ್ಪಿಗೆ, ನೆಂಟರಿಗೆ, ಸಾವಿಗೆ ಸನ್ನೆ ಇದ್ದ ನಮ್ಮ ಕೈಮಾತಿನಲ್ಲಿ ಮುಂದಿನದನ್ನು ಹೇಳಲು ಸನ್ನೆ ಇರಲಿಲ್ಲ. ಅವಳು ಗಾಳಿಯಲ್ಲಿ ಏನೋ ಹುಡುಕಿದಳು. ಕೊನೆಗೆ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಲಗೈಯ ಬೆರಳುಗಳೆಲ್ಲ ಅಗಲವಾಗಿ ಬಿರಿದುಕೊಂಡವು. ಹಾಗೇ ಹಿಡಿದುಕೊಂಡು ನನ್ನನ್ನು ನೋಡುತ್ತ ಕೂತಳು. ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಚೆನ್ನಾಗಿ ಅರ್ಥವಾಯಿತು. ದೀಪ ಹತ್ತಿ, ಬೀದಿಯ ಸದ್ದೆಲ್ಲ ನಮ್ಮ ಮೇಲೆ ಬಿದ್ದಾಗ, “ಬಾ, ಮನೆಗೆ ಹೋಗೋಣ,” ಅಂದಳು, ಅಷ್ಟೇ.

ನಾನೇ ಬಲವಂತ ಮಾಡಿ ಅವಳನ್ನು ಹೆಡ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಲೀಲಾವತಿ ಮೇಡಂ ಒಳ್ಳೆಯವರು, ಪರೀಕ್ಷೆಯ ದಿನ ಹುಡುಗಿಯರಿಗೆ ತಾವೇ ಮಜ್ಜಿಗೆ ಮಾಡಿಸಿ ತರುತ್ತಿದ್ದವರು. ಇಂದು ತಲೆ ತಗ್ಗಿಸಿ ಹೇಳಿದಷ್ಟನ್ನು ಕೇಳಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಹೊತ್ತಿನಲ್ಲಿ?”

“ಮೂಕಹೊತ್ತಿನಲ್ಲಿ, ಮೇಡಂ,” ಅಂದೆ ನಾನು.

ಅವರ ಮುಖ ಮುಚ್ಚಿಕೊಂಡಿತು. “ಆ ಹೊತ್ತಿನದನ್ನ ಬಾಯಿಗೆ ತರಬಾರದು ಅಂತ ಮನೇಲಿ ಹೇಳಿಕೊಟ್ಟಿಲ್ವೇನಮ್ಮ? ನೋಡಿದವರಿಲ್ಲ, ಕೇಳಿದವರಿಲ್ಲ. ನಾನು ಯಾರನ್ನ ಏನಂತ ಕೇಳಲಿ? ಪರೀಕ್ಷೆ ಹತ್ತಿರ ಬಂತು, ಓದ್ಕೊಳ್ಳಿ. ಅವರ ಕ್ಲಾಸ್ ಬೇಡ ಅಂದ್ರೆ ಬಿಡಿ.”

ನಾವು ಹೊರಗೆ ಬರುವಷ್ಟರಲ್ಲಿ ಜವಾನನಿಗೆ ಗೊತ್ತಾಗಿತ್ತು, ಮಾರನೆಯ ದಿನ ಪೇಟೆಗೆ. ಪಾತ್ರೆ ಅಂಗಡಿಗೆ ಬಂದವರು ಬಿಂದಿಗೆ ತಟ್ಟಿ ನೋಡುತ್ತ ರುದ್ರಪ್ಪನವರ ಮುಖ ನೋಡುತ್ತಿದ್ದರು. ಆ ಹುಡುಗಿ ಕ್ಲಾಸು ಬಿಟ್ಟು ವಾಚನಾಲಯದ ಹತ್ತಿರ ಯಾಕೆ ಹೋಗುತ್ತಿದ್ದಳಂತೆ ಎಂದು ಒಬ್ಬರು, ತಾಯಿಯಿಲ್ಲದ ಮಗು ಎಂದು ಇನ್ನೊಬ್ಬರು. ನಾನು ಅಂಗಡಿಗೆ ಹೋದಾಗ ರುದ್ರಪ್ಪನವರು ನನ್ನನ್ನು ಬೈಯಲಿಲ್ಲ. “ಊರಿನ ಬಾಯಿ ಮುಚ್ಚಿಸೋಕೆ ನನ್ನ ಕೈಲಾಗಲ್ಲ ತಾಯಿ. ಮಗಳನ್ನ ದೂರ ಕಳ್ಸೋಕೆ ಆಗುತ್ತೆ,” ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಇಂದುವಿನ ಅತ್ತೆ ಘಟ್ಟದ ಆಚೆ ಒಂದು ಊರಿನಲ್ಲಿದ್ದರು. ಅಲ್ಲಿ ಮೂಕಹೊತ್ತು ಇರಲಿಲ್ಲ.

ಅವಳು ಹೊರಟದ್ದು ನನಗೆ ತಿಳಿದದ್ದು ತಡವಾಗಿ. ಓಡಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ನೆರಳು ಮೆಟ್ಟಿಲು ಮುಟ್ಟಿತ್ತು. ಬಸ್ಸು ಸದ್ದಿಲ್ಲದೆ ತಿರುಗಿತು, ಸದ್ದಿಲ್ಲದೆ ಧೂಳೆಬ್ಬಿಸಿತು. ಕಿಟಕಿಯಲ್ಲಿ ಅವಳ ಜಡೆ ಕಂಡಿತು, ಮುಖ ಆ ಕಡೆಗಿತ್ತು. ಉಪಯೋಗವಿಲ್ಲವೆಂದು ಗೊತ್ತಿದ್ದೂ ನಾನು ಕೂಗಿದೆ. ಗಂಟಲು ಉರಿಯುವಷ್ಟು ಕೂಗಿದೆ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಕೂಡ ತಲೆಯೆತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ಬೆಂಚಿನ ಮೇಲೆ ಪಕ್ಕದ ಜಾಗ ಖಾಲಿಯಿದ್ದರೂ ನಾನು ಗೋಡೆಗೆ ಒತ್ತಿಕೊಂಡೇ ಕೂರುತ್ತಿದ್ದೆ. ಬೀದಿದೀಪ ಹತ್ತಿದ ಕೂಡಲೇ ಊರಿನ ಸದ್ದೆಲ್ಲ ಬರುತ್ತಿತ್ತು, ಹಿಟ್ಟಿನ ಗಿರಣಿ, ಕುಕ್ಕರಿನ ಸೀಟಿ, ಯಾರನ್ನೋ ಯಾರೋ ಕರೆಯುವುದು. ಅಷ್ಟೂ ಸದ್ದಿನಲ್ಲಿ ಒಂದು ಇರುತ್ತಿರಲಿಲ್ಲ. ಅಮ್ಮ ಒಂದು ದಿನ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದು ಹೊರಗೆ ಬಂದು ಖಾಲಿ ಕಟ್ಟೆ ನೋಡಿ ಒಳಗೆ ಹೋದಳು.

ಶಾಹೀನಾ ನಮ್ಮ ಮುಂದಿನ ಬೆಂಚಿನ ಹುಡುಗಿ. ಚಿಕ್ಕ ಆಳು, ದೊಡ್ಡ ದನಿ, ಕಬಡ್ಡಿಯಲ್ಲಿ ತನಗಿಂತ ಎತ್ತರದವರ ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಒಂದು ದಿನ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದಳು.

“ದಾಕ್ಷಿ, ಇಂದು ನಿಂಗೆ ಏನು ಹೇಳಿದ್ಲು?”

ನಾನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಬೆರಳು ಬಿರಿಸಿದೆ. ಶಾಹೀನಾ ಅದನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದಿಂದ ಆ ಜೋರೆಲ್ಲ ಇಳಿದುಹೋಯಿತು. ಅವಳ ಕೈಯೂ ನಿಧಾನವಾಗಿ ಎದ್ದು ಇನ್ನೊಂದು ಮಣಿಕಟ್ಟನ್ನು ಹಿಡಿಯಿತು.

“ನಾನು ಎಂಟನೇ ಕ್ಲಾಸಲ್ಲಿದ್ದೆ,” ಅಂದಳು. “ಅಮ್ಮೀಗೂ ಹೇಳಿಲ್ಲ.”

ಹಾಗೆ ಶುರುವಾಯಿತು. ಯಾರನ್ನೂ ಏನೂ ಕೇಳುವ ಹಾಗಿರಲಿಲ್ಲ. ನೀರಿನ ನಲ್ಲಿಯ ಹತ್ತಿರ, ಕಬಡ್ಡಿ ಅಂಗಳದಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ ಸನ್ನೆ ಮಾಡಿದರೆ ಸಾಕಾಗಿತ್ತು. ಕೆಲವರು ಏನಿದು ಎಂದು ಹುಬ್ಬು ಗಂಟಿಕ್ಕುತ್ತಿದ್ದರು, ನಮಗೆ ಸಮಾಧಾನವಾಗುತ್ತಿತ್ತು. ಕೆಲವರು ಕೇಳುತ್ತಲೇ ಇರಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳು ಸನ್ನೆ ನೋಡಿದವಳೇ ನಲ್ಲಿ ನಿಲ್ಲಿಸದೆ ಓಡಿಹೋಗಿ, ಮೂರು ದಿನ ಬಿಟ್ಟು ತಾನಾಗಿ ನಮ್ಮ ಹತ್ತಿರ ಬಂದಳು. ಮೇಷ್ಟ್ರು ಒಬ್ಬರೇ ಅಲ್ಲ ಎಂದೂ ತಿಳಿಯಿತು. ಮೂಕಹೊತ್ತಿನಲ್ಲಿ ಮೈದಾನದ ಹಿಂದೆ ಅಡ್ಡಗಟ್ಟುವ ದೊಡ್ಡ ಹುಡುಗರಿದ್ದರು, ಅವರೂ ‘ಮೂಕಹೊತ್ತಿನದು’ ಎಂದು ಹಲ್ಲು ಕಿರಿಯುವವರೇ. ನಮ್ಮ ಕ್ಲಾಸಿನ ಹುಡುಗರಲ್ಲಿ ಒಬ್ಬ ಆ ಸನ್ನೆಯ ಚಿತ್ರವನ್ನು ಬೋರ್ಡಿನ ಮೇಲೆ ಅಸಹ್ಯವಾಗಿ ಬರೆದ. ಇನ್ನೊಬ್ಬ ಎದ್ದು ಹೋಗಿ ಅಳಿಸಿದ. ಅಳಿಸಿದವನ ಕಡೆಗೆ ಮಾರನೆಯ ದಿನ ಇನ್ನೂ ಕೆಲವರು ಸೇರಿದರು.

ನಾನು ಮನೆಯಲ್ಲಿ ಗೊತ್ತಿಲ್ಲದೆ ಕೈ ಹಾಗೆ ಹಿಡಿದುಕೊಂಡು ಕೂತಿದ್ದಾಗ ಅಜ್ಜಿ ನೋಡಿದರು. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು ನನ್ನ ಕೈ ಮೇಲೆ ಫಟ್ಟೆಂದು ಹೊಡೆದರು. “ಯಾರೇ? ಯಾರು ನಿಂಗೆ?” ಎಂದು ನನ್ನ ಗಲ್ಲ ಹಿಡಿದು ಮುಖ ತಮ್ಮ ಕಡೆಗೆ ತಿರುಗಿಸಿಕೊಂಡರು. ಅವರಿಗೆ ಆ ಸನ್ನೆಯನ್ನು ನಾನು ಹೇಳಿಕೊಟ್ಟಿರಲಿಲ್ಲ.

“ನಂಗಲ್ಲ ಅಜ್ಜಿ. ಇಂದುಗೆ. ಇನ್ನೂ ಎಷ್ಟೋ ಜನಕ್ಕೆ,” ಅಂದೆ.

ಅಜ್ಜಿ ನನ್ನ ಗಲ್ಲ ಬಿಟ್ಟರು. ಮತ್ತೆ ಮೊರ ಎತ್ತಿಕೊಂಡರು, ಆರಿಸಲಿಲ್ಲ. “ನಮ್ಮ ಕಾಲದಲ್ಲಿ ಬಾವಿಗೆ ಹೋಗೋವಾಗ ನಾಕು ಜನ ಜೊತೆಗೆ ಹೋಗ್ತಿದ್ವಿ. ಅಷ್ಟೇ ನಮ್ಗೆ ತಿಳಿದಿದ್ದು,” ಅಂದರು. ಆಮೇಲೆ, “ಜೊತೆ ಬಿಡಬೇಡಿ,” ಅಂದರು.

ಪ್ರತಿದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ಸ್ಟ್ಯಾಂಡಿನಲ್ಲಿ ಸೇರತೊಡಗಿದೆವು. ಅಲ್ಲಿ ನಾವು ಅಳಲಿಲ್ಲ, ಜಗಳವಾಡಿದೆವು. ಏನು ಕೇಳಬೇಕು, ಯಾರನ್ನು ಕೇಳಬೇಕು, ಹೆಸರು ಹೇಳಬೇಕೋ ಬೇಡವೋ. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಮೂಕಹೊತ್ತಿನಲ್ಲಿ ಶಾಲೆಯಲ್ಲಿ ಕ್ಲಾಸು ಬೇಡ, ಭೂಪಟದ ಕೋಣೆಯ ಬಾಗಿಲು ಕೀಳಿಸಬೇಕು, ನಮ್ಮ ದೂರು ಕೇಳಲು ಹೊರಗಿನವರು ಬರಬೇಕು, ಅಲ್ಲಿಯವರೆಗೆ ಪಂಚಾಕ್ಷರಿ ಮೇಷ್ಟ್ರು ಶಾಲೆಯೊಳಗೆ ಕಾಲಿಡಬಾರದು. ಮತ್ತು ಮೂಕಹೊತ್ತಿನದನ್ನು ಬಾಯಿಗೆ ತರಬಹುದು. ಈ ಕೊನೆಯದನ್ನು ಸೇರಿಸಿದವಳು ಶಾಹೀನಾ. “ಅದೊಂದು ಸಿಕ್ರೆ ಮಿಕ್ಕಿದ್ದೆಲ್ಲ ಸಿಗುತ್ತೆ,” ಅಂದಳು.

ಮೇಡಂ ಹತ್ತಿರ ಎಲ್ಲರೂ ಒಟ್ಟಿಗೆ ಹೋದೆವು. ಅವರು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, “ಗುಂಪು ಕಟ್ಟಿಕೊಂಡು ಬಂದವರಿಗೆ ಹಾಲ್ ಟಿಕೆಟ್ ಕೊಡೋದು ಕಷ್ಟ ಆಗುತ್ತೆ,” ಅಂದರು. ಹೇಳುವಾಗ ನಮ್ಮ ಮುಖ ನೋಡಲಿಲ್ಲ. ಆ ದಿನವೇ ಅರ್ಧ ಹುಡುಗಿಯರು ಬಿಟ್ಟುಹೋದರು. ಒಬ್ಬಳಿಗೆ ಮದುವೆ ಗೊತ್ತಾಗಿತ್ತು, ಒಬ್ಬಳ ಅಣ್ಣ ಬೆಲ್ಟು ಬಿಚ್ಚಿದ್ದ. ನಮ್ಮಮ್ಮ ನನಗೆ ಊಟಕ್ಕೆ ಬಡಿಸಿ ಎದುರು ಕೂತು, “ಹತ್ತನೇ ಕ್ಲಾಸು ಮುಗಿಸಿಬಿಡೇ. ಆಮೇಲೆ ಏನಾದ್ರೂ ಮಾಡ್ಕೋ. ನಾನು ಓದಲಿಲ್ಲ, ನೀನಾದ್ರೂ ಓದು,” ಎಂದು ಬೇಡಿಕೊಂಡಳು. “ಇಂದೂನೂ ಓದ್ತಿದ್ಲಲ್ಲಮ್ಮ,” ಅಂದೆ. ಅಮ್ಮ ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.

ತಂದೆ ತಾಯಿಯರ ಸಭೆ ಒಂದು ಶನಿವಾರ ಇತ್ತು. ಪಂಚಾಕ್ಷರಿ ಮೇಷ್ಟ್ರಿಗೆ ಶಾಲು ಹೊದಿಸುವ ಕಾರ್ಯಕ್ರಮವೂ ಅದರಲ್ಲೇ. ಮೂಕಹೊತ್ತು ಬರುತ್ತಿದ್ದಂತೆ ಭಾಷಣಗಳು ನಿಂತು ಜನ ಮನೆಗೆ ಹೊರಡುತ್ತಾರೆ ಎಂದು ನಮಗೆ ಗೊತ್ತಿತ್ತು. ನಾವು ಮೊದಲೇ ಎದ್ದು ಗೇಟಿನಿಂದ ಹೊರಗೆ ಬಂದು ರಸ್ತೆಯ ಒಂದು ಬದಿಗೆ ಸಾಲಾಗಿ ನಿಂತೆವು. ಉಳಿದವರು ಕಡಿಮೆ ಜನ, ಸಾಲು ಗೇಟಿನಿಂದ ಜೆರಾಕ್ಸ್ ಅಂಗಡಿಯವರೆಗೂ ಬರಲಿಲ್ಲ. ನೆರಳು ಇಳಿಯಿತು, ಸಭೆಯ ಮೈಕಿನ ದನಿ ನಡುವೆಯೇ ನಿಂತಿತು, ಜನ ಹೊರಗೆ ಬರತೊಡಗಿದರು. ಆಗ ಶಾಹೀನಾ ಮಣಿಕಟ್ಟು ಹಿಡಿದುಕೊಂಡು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ನಾನೂ ಎತ್ತಿದೆ. ಸಾಲಿನುದ್ದಕ್ಕೂ ಕೈಗಳು ಎದ್ದವು.

ಗಂಡಸರು ಮೊದಲು ನಮ್ಮನ್ನು ಯಾವುದೋ ಡ್ರಿಲ್ಲು ಎಂದುಕೊಂಡು ನೋಡುತ್ತ ಹೋದರು. ಹೆಂಗಸರು ನಿಂತರು. ಒಬ್ಬೊಬ್ಬರಾಗಿ ನಿಂತರು. ಮಗಳನ್ನು ಸಾಲಿನಿಂದ ಎಳೆದುಕೊಂಡು ಹೋದವರಿದ್ದರು, ಒಬ್ಬ ತಾಯಿ ಮಗಳ ಕೆನ್ನೆಗೆ ಹೊಡೆದದ್ದೂ ಸದ್ದಿಲ್ಲದೆ ನಡೆಯಿತು. ಆದರೆ ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ನೋಡಿ, ಬುಟ್ಟಿ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಸಾಲಿನ ಕೊನೆಯಲ್ಲಿ ಬಂದು ನಿಂತಳು. ಅವಳಿಗೆ ಆ ಶಾಲೆಯಲ್ಲಿ ಮಕ್ಕಳೂ ಇರಲಿಲ್ಲ. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಆ ಶಾಲೆಯಲ್ಲೇ ಓದಿದವರು. ಆಮೇಲೆ ಶಾಹೀನಾಳ ಅಮ್ಮಿ ಬಂದರು. ಮಗಳ ಎದುರಿಗೆ ನಿಂತು ಅವಳ ಹಿಡಿದ ಕೈಯನ್ನೇ ನೋಡಿದರು. ಶಾಹೀನಾ ಕೈ ಇಳಿಸಲಿಲ್ಲ, ಕಣ್ಣೀರು ಮಾತ್ರ ಗದ್ದದಿಂದ ತೊಟ್ಟಿಕ್ಕಿತು. ಅಮ್ಮಿ ಅವಳ ದುಪಟ್ಟಾ ಸರಿಮಾಡಿ, ಪಕ್ಕಕ್ಕೆ ಸರಿಯುವಂತೆ ತಳ್ಳಿ, ಅಲ್ಲೇ ಜಾಗ ಮಾಡಿಕೊಂಡು ನಿಂತರು. ಸಾಲು ಜೆರಾಕ್ಸ್ ಅಂಗಡಿ ದಾಟಿತು, ಬೇಕರಿ ದಾಟಿತು. ಹಿಂದೆ ಬಿಟ್ಟುಹೋಗಿದ್ದ ಹುಡುಗಿಯರು ಸಭೆಯಿಂದ ಎದ್ದು ಬಂದರು. ಬೋರ್ಡು ಅಳಿಸಿದ್ದ ಹುಡುಗರು ಎದುರು ಬದಿಯಲ್ಲಿ ನಿಂತು ವಾಹನಗಳನ್ನು ತಡೆದರು. ನಾನು ತಿರುಗಿ ನೋಡಿದಾಗ ದೂರದಲ್ಲಿ ನಮ್ಮಮ್ಮ ಅಜ್ಜಿಯ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದಳು.

ಪಂಚಾಕ್ಷರಿ ಮೇಷ್ಟ್ರು ಶಾಲು ಹೊದ್ದುಕೊಂಡೇ ಗೇಟಿಗೆ ಬಂದರು. ಸಾಲನ್ನು ನೋಡಿದರು. ಅಭ್ಯಾಸಬಲವೋ ಏನೋ ಕನ್ನಡಕ ಏರಿಸಿಕೊಂಡರು. ಅಷ್ಟು ಜನ ಹೆಂಗಸರು ಒಟ್ಟಿಗೆ ತಮ್ಮನ್ನೇ ನೋಡುತ್ತಿರುವುದನ್ನು ಕಂಡು, ವಾಪಸು ಒಳಗೆ ಹೋಗಿ ಹಿಂದಿನ ಗೇಟಿನಿಂದ ಹೊರಟರು.

ದೀಪ ಹತ್ತಿತು. ಸದ್ದು ಬಂತು, ಆದರೆ ಯಾರೂ ಮಾತಾಡಲಿಲ್ಲ. ಮೂಕಹೊತ್ತು ಮುಗಿದ ಮೇಲೂ ಊರು ಮೂಕವಾಗಿ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಲೀಲಾವತಿ ಮೇಡಂ ಗೇಟಿನಲ್ಲಿ ಸರಳು ಹಿಡಿದುಕೊಂಡು ನಿಂತಿದ್ದರು. ಕೊನೆಗೆ ಅವರೇ, “ಬನ್ನಿ,” ಅಂದರು. ದನಿ ಕೀರಲಾಗಿತ್ತು. “ಒಳಗೆ ಬನ್ನಿ. ಎಲ್ಲಾರೂ ಬನ್ನಿ. ನಾನು ಕೇಳ್ತೀನಿ.” ಅವರು ಅಂಗಳದ ಮಣ್ಣಿನ ಮೇಲೆ ಕೂತರು. ನಾವು ಸುತ್ತ ಕೂತೆವು. ಮೊದಲು ಬಾಯಿ ಬಿಟ್ಟವಳು ಶಾಹೀನಾ. ಆಮೇಲೆ ಇನ್ನೊಬ್ಬಳು. ಆಮೇಲೆ ಆ ಬ್ಯಾಂಕಿನವರು ಎದ್ದು ನಿಂತು, “ನಾನು ಹನ್ನೆರಡು ವರ್ಷದ ಹಿಂದಿನದು ಹೇಳಬಹುದಾ?” ಎಂದು ಕೇಳಿದರು.

ಮುಂದಿನದೆಲ್ಲ ನಿಧಾನವಾಗಿ ನಡೆಯಿತು. ಹೊರಗಿನಿಂದ ಅಧಿಕಾರಿಗಳು ಬಂದರು, ಪೊಲೀಸಿನವರು ಬಂದರು, ಮೇಷ್ಟ್ರನ್ನು ಕರೆದುಕೊಂಡು ಹೋದರು. ಕೇಸು ಇನ್ನೂ ನಡೆಯುತ್ತಿದೆ. ಒಳ್ಳೆಯ ಮೇಷ್ಟ್ರನ್ನು ಹುಡುಗಿಯರು ಹಾಳು ಮಾಡಿದರು ಎಂದು ಹೇಳುವವರು ಈಗಲೂ ಊರಿನಲ್ಲಿದ್ದಾರೆ, ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಮೂಕಹೊತ್ತಿನಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಕೋಣೆಯ ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿದ್ದಾರೆ. ಹಾಲ್ ಟಿಕೆಟ್ ಎಲ್ಲರಿಗೂ ಸಿಕ್ಕಿತು. ನಾನು ಪಾಸಾದೆ, ಲೆಕ್ಕದಲ್ಲಿ ಕಷ್ಟಪಟ್ಟು.

ರಜೆಯಲ್ಲಿ ಇಂದುವನ್ನು ನೋಡಲು ಹೋದೆ. ರುದ್ರಪ್ಪನವರೇ ವಿಳಾಸ ಕೊಟ್ಟು, ಒಂದು ಸ್ಟೀಲಿನ ಡಬ್ಬಿಯಲ್ಲಿ ಚಕ್ಕುಲಿ ಕಟ್ಟಿಸಿಕೊಟ್ಟರು. ಬಸ್ಸಿನಲ್ಲಿ ಉದ್ದಕ್ಕೂ ಅವಳಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಸಾಲು ಎಷ್ಟುದ್ದ ಇತ್ತು, ಯಾರು ಯಾರು ಬಂದರು, ಎಲ್ಲರ ಕೈಯಲ್ಲೂ ಅವಳ ಸನ್ನೆಯೇ ಇತ್ತು ಎಂಬುದು. ಅದನ್ನು ಕೇಳಿ ಅವಳು ಎದ್ದು ನನ್ನ ಜೊತೆಗೇ ಬಸ್ಸು ಹತ್ತಿಬಿಡುತ್ತಾಳೆಂದು, ಬರುವಾಗ ಕಿಟಕಿ ಪಕ್ಕದ ಸೀಟು ಅವಳಿಗೇ ಬಿಡಬೇಕೆಂದು ಕೂಡ ಅಂದುಕೊಂಡಿದ್ದೆ.

ಅತ್ತೆಯ ಮನೆ ಮಹಡಿಯ ಮೇಲೆ. ಇಂದು ಬಾಗಿಲು ತೆಗೆದಳು. ಸ್ವಲ್ಪ ಎತ್ತರವಾಗಿದ್ದಳು, ಜಡೆ ಕತ್ತರಿಸಿಕೊಂಡಿದ್ದಳು. ನನ್ನನ್ನು ತಬ್ಬಿಕೊಂಡವಳು ಎಷ್ಟು ಹೊತ್ತಾದರೂ ಬಿಡಲಿಲ್ಲ. ಚಹಾ ಕುಡಿದು ಇಬ್ಬರೂ ತಾರಸಿಗೆ ಹೋದೆವು. ಹೊತ್ತು ಇಳಿಯುತ್ತಿತ್ತು. ನಮ್ಮೂರಿನಲ್ಲಾದರೆ ಎಲ್ಲ ಅಡಗುವ ಹೊತ್ತು. ಇಲ್ಲಿ ಎದುರಿನ ಆಲದ ಮರಕ್ಕೆ ಹಕ್ಕಿಗಳೆಲ್ಲ ಬಂದು ಕೂರುತ್ತ ಗದ್ದಲ ಎಬ್ಬಿಸಿದ್ದವು. ಸಂಜೆ ಹಕ್ಕಿಗಳು ಅಷ್ಟು ಮಾತಾಡುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ಕೇಳುವುದನ್ನು ನೋಡಿ ಅವಳು, “ಮೊದಮೊದ್ಲು ನಂಗೂ ಹಂಗೇ ಆಗಿತ್ತು,” ಅಂದಳು.

ನಾನು ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿ ಕೇಳಿದಳು. ಸನ್ನೆಯ ವಿಷಯ ಬಂದಾಗ ತಡೆದಳು.

“ಯಾವ ಸನ್ನೆ?”

ನಾನು ಮಾಡಿ ತೋರಿಸಿದೆ. ಅವಳು ಆಶ್ಚರ್ಯದಿಂದ ನೋಡಿದಳು.

“ಅದು ಸನ್ನೆ ಅಲ್ಲ ಕಣೇ,” ಅಂದಳು. “ಆವತ್ತು ನನ್ನ ಕೈ ನೋಯ್ತಿತ್ತು. ಹಿಡ್ಕೊಂಡಿದ್ದೆ, ಅಷ್ಟೇ.”

ಹಕ್ಕಿಗಳು ಕೂಗುತ್ತಲೇ ಇದ್ದವು. ನನ್ನ ಕೈ ಇಳಿಸಬೇಕೋ ಹಾಗೇ ಇರಬೇಕೋ ತಿಳಿಯದೆ ಹಿಡಿದುಕೊಂಡೇ ಇದ್ದೆ. ಅವಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ವಾಪಸ್ ಬಾರೇ,” ಅಂದೆ. “ಈಗ ಅವ್ನಿಲ್ಲ.”

“ದಿನಾ ಅನ್ಸುತ್ತೆ. ನಿಮ್ಮನೆ ಕಟ್ಟೆ, ಅಪ್ಪನ ಅಂಗಡಿ, ನಿಮ್ಮಮ್ಮ. ಒಂದೊಂದ್ಸಲ ಕನಸಲ್ಲಿ ಬಂದೂ ಬಿಟ್ಟಿರ್ತೀನಿ.” ಅವಳು ಮರದ ಕಡೆ ನೋಡಿದಳು. “ಬಂದ್ರೆ ಅಲ್ಲಿ ನಾನು ಪಾತ್ರೆ ಅಂಗಡಿ ಇಂದು ಆಗಲ್ಲ ದಾಕ್ಷಿ. ಆ ಹುಡುಗಿ ಆಗ್ತೀನಿ. ಒಳ್ಳೇವ್ರೂ ಹಂಗೇ ನೋಡ್ತಾರೆ. ಇಲ್ಲಿ ನಾನು ಯಾರೂ ಅಲ್ಲ. ಸದ್ಯಕ್ಕೆ ಅದೇ ಹಾಯಾಗಿದೆ.”

ಕೊನೆಯ ಬಸ್ಸಿಗೆ ಅವಳು ನನ್ನನ್ನು ಬಿಡಲು ಬಂದಳು. ಸ್ಟಾಪಿನಲ್ಲಿ ತುಂಬ ಜನ ಇದ್ದರು. ನಾವಿಬ್ಬರೂ ಕಂಬಕ್ಕೆ ಒರಗಿ ನಿಂತಿದ್ದೆವು. ಹಾಡುತ್ತೀಯಾ ಎಂದು ಕೇಳಬೇಕೆಂದು ದಿನವಿಡೀ ಅಂದುಕೊಂಡಿದ್ದೆ, ಕೇಳಲಿಲ್ಲ. ಅವಳು ಬೇರೆಯದನ್ನು ಕೇಳಿದಳು.

“ಸಾಲಲ್ಲಿ ನಿನ್ನ ಪಕ್ಕ ನಂಗೆ ಜಾಗ ಬಿಟ್ಟಿದ್ಯಾ?”

ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಇಲ್ಲ ಕಣೇ. ತುಂಬ ಜನ ಬಂದ್ಬಿಟ್ರು. ಒಬ್ರಿಗೊಬ್ರು ಅಂಟ್ಕೊಂಡು ನಿಂತಿದ್ವಿ. ಜಾಗಾನೇ ಇರ್ಲಿಲ್ಲ.”

“ಒಳ್ಳೇದಾಯ್ತು,” ಅಂದಳು. ನಿಜವಾಗಿಯೂ ಅವಳ ಮುಖದಲ್ಲಿ ಸಂತೋಷ ಕಂಡಿತು. “ಬಿಟ್ಟಿದ್ರೆ ಇದು ಯಾರ ಜಾಗ ಅಂತ ಎಲ್ಲಾರೂ ಕೇಳೋರು. ಒಳ್ಳೇದಾಯ್ತು ಬಿಡು.”

ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಜನ ಚೀಲ ಎತ್ತಿಕೊಂಡು ಮುಂದೆ ನುಗ್ಗಿದರು. ಅವಳು ಖಾಲಿ ಚಕ್ಕುಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು, ಕೊಟ್ಟ ಮೇಲೂ ಒಂದು ಬದಿ ಹಿಡಿದುಕೊಂಡೇ ಇದ್ದಳು.

“ಆದ್ರೂ,” ಅಂದಳು, “ಜಾಗ ಬಿಡ್ಬೇಕಿತ್ತು ಕಣೇ.”